ಪದ ಪರಿಚಯ: ಬಯೋಪಿಕ್

ನಿಜವಾಗಿ ಬದುಕಿದ ಒಬ್ಬರ ಜೀವನವನ್ನು ನಟರ ಮೂಲಕ ಹೇಳುವ ಕಥಾಚಿತ್ರವೇ ಬಯೋಪಿಕ್. ಇದು ಡಾಕ್ಯುಮೆಂಟರಿ ಅಲ್ಲ. ಇಲ್ಲಿ ಮಾತು ಬರೆಯುವವರು ಲೇಖಕರು. ಮುಚ್ಚಿದ ಕೋಣೆಯ ಜಗಳವನ್ನು ಊಹಿಸುವವರೂ ಅವರೇ.

ಬಯೋಪಿಕ್ ಅಂದರೆ ಬಾಲ್ಯದಿಂದ ಶುರುವಾಗಲೇಬೇಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಲಾರಿ ಉದ್ಯಮಿ ವಿಜಯ ಸಂಕೇಶ್ವರರ ಕುರಿತ ಕನ್ನಡದ 'ವಿಜಯಾನಂದ' (2022) ಇಡೀ ಏರಿಕೆಯನ್ನು ಹೇಳುವ ಜಾತಿಯದು. ಇನ್ನೊಂದು ಜಾತಿ ಇದೆ. ಅದು ಇಡೀ ಬದುಕಿನಲ್ಲಿ ಒಂದು ಇಕ್ಕಟ್ಟಿನ ಕಾಲವನ್ನಷ್ಟೇ ಹಿಡಿಯುತ್ತದೆ. ನನಗೆ ಇದೇ ಜಾಸ್ತಿ ಇಷ್ಟ. ಮೈಕೆಲ್ ಮ್ಯಾನ್ ನಿರ್ದೇಶನದ 'ಫೆರಾರಿ' (2023) ಇದಕ್ಕೆ ಒಳ್ಳೆಯ ಉದಾಹರಣೆ.

ರೇಸ್ ಕಾರು ತಯಾರಿಸಿದ ಎಂಜೊ ಫೆರಾರಿ ಬದುಕಿದ್ದು 1898ರಿಂದ 1988ರವರೆಗೆ. ಚಿತ್ರ ತೆಗೆದುಕೊಂಡದ್ದು 1957ರ ಕೆಲವೇ ತಿಂಗಳು. ಯಾಕೆ ಅದೇ ವರ್ಷ? ಹಿಂದಿನ ವರ್ಷವಷ್ಟೇ ಮಗ ಡೀನೋ 24ನೇ ವಯಸ್ಸಿಗೆ ತೀರಿಕೊಂಡಿದ್ದ. ಚಿತ್ರದಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಿದೆ, ಅರ್ಧ ಪಾಲು ಹೆಂಡತಿ ಲಾರಾ ಕೈಯಲ್ಲಿದೆ. ಅತ್ತ ಪ್ರೇಯಸಿ ಲೀನಾ ಲಾರ್ದಿಯ ಮನೆಯಲ್ಲಿ ಇನ್ನೊಬ್ಬ ಮಗ ಪಿಯೆರೋ ಬೆಳೆಯುತ್ತಿದ್ದಾನೆ. ಇಟಲಿಯಲ್ಲಿ ಆಗ ವಿಚ್ಛೇದನಕ್ಕೆ ಕಾನೂನೇ ಇರಲಿಲ್ಲ. ಅದು ಬಂದದ್ದು 1970ರಲ್ಲಿ. ಅಂದಮೇಲೆ ಬಿಡಿಸಿಕೊಂಡು ಹೋಗುವ ದಾರಿಯೂ ಇಲ್ಲ. ಇಷ್ಟರ ನಡುವೆ ಮಿಲ್ಲೆ ಮಿಲ್ಯಾ: ಬ್ರೆಶಾದಿಂದ ರೋಮ್‌ಗೆ ಹೋಗಿ ವಾಪಸ್ ಬರುವ ಸುಮಾರು 1,600 ಕಿಲೋಮೀಟರ್ ರೇಸ್, ಅದೂ ಊರೂರಿನ ಮಾಮೂಲಿ ರಸ್ತೆಗಳಲ್ಲಿ.

1957ರ ಮೇ 12ರಂದು ಗುಯಿದಿತ್ಸೋಲೋ ಊರಿನ ಹತ್ತಿರ ಅಲ್ಫೋನ್ಸೋ ದೆ ಪೋರ್ತಾಗೋ ಓಡಿಸುತ್ತಿದ್ದ ಫೆರಾರಿಯ ಟೈರ್ ಸಿಡಿಯಿತು. ಅವನು, ಜೊತೆಗಾರ ಎಡ್ಮಂಡ್ ನೆಲ್ಸನ್, ರಸ್ತೆ ಬದಿ ನಿಂತು ನೋಡುತ್ತಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಅದೇ ರೇಸ್ ಗೆದ್ದದ್ದೂ ಫೆರಾರಿ ಕಾರೇ, ಓಡಿಸಿದವನು ಪಿಯೆರೋ ತರೂಫಿ. ಇಂಥ ಗೆಲುವನ್ನು ಕಥೆಗಾರ ಕಟ್ಟಬೇಕಾಗಿಲ್ಲ, ಅಲ್ವಾ?

ಹಾಗಂತ ಚಿತ್ರ ಎಲ್ಲವನ್ನೂ ಇದ್ದಂತೆಯೇ ಇಟ್ಟಿಲ್ಲ. ಪೋರ್ತಾಗೋ ಕೆಲಸ ಕೇಳಿಕೊಂಡು ಬಂದ ಹೊತ್ತಿಗೇ ಕ್ಯಾಸ್ತೆಲ್ಲೋತ್ತಿ ಎಂಬ ಚಾಲಕ ಟೆಸ್ಟ್ ಓಟದಲ್ಲಿ ಸಾಯುತ್ತಾನೆ, ಜಾಗ ಖಾಲಿಯಾಗುತ್ತದೆ. ಆ ಸಾವು ನಿಜ, 1957ರ ಮಾರ್ಚ್‌ನದು. ಆದರೆ ಪೋರ್ತಾಗೋ 1956ರಲ್ಲೇ ಫೆರಾರಿ ತಂಡಕ್ಕೆ ಓಡಿಸುತ್ತಿದ್ದ. ಫೋರ್ಡ್, ಫಿಯೆಟ್ ಹೆಸರೂ ಚಿತ್ರದಲ್ಲಿ ಕೇಳಿಬರುತ್ತದೆ. ಚರಿತ್ರೆಯಲ್ಲಿ ಕಂಪನಿ ಮಾರಲು ಫೋರ್ಡ್ ಜೊತೆ ನಡೆದ ವ್ಯವಹಾರ ಮುರಿದುಬಿದ್ದದ್ದು 1963ರಲ್ಲಿ, ಫಿಯೆಟ್ ಅರ್ಧ ಪಾಲು ಕೊಂಡದ್ದು 1969ರಲ್ಲಿ.

ಇದನ್ನು ಸುಮ್ನೆ ಸುಳ್ಳು ಅನ್ನಲಾಗದು. ಬೇರೆ ಬೇರೆ ವರ್ಷಗಳಲ್ಲಿ ಚದುರಿದ್ದನ್ನು ಒಂದೇ ಬೇಸಿಗೆಗೆ ಎಳೆದು ತರುವುದು ಈ ಬಗೆಯ ಬಯೋಪಿಕ್‌ನ ಕಸುಬು. ಅಪಘಾತದ ಕೇಸಿನಲ್ಲಿ ಎಂಜೊ ಖುಲಾಸೆಯಾದದ್ದು 1961ರಲ್ಲಿ. ನಾಲ್ಕು ವರ್ಷದ ಆ ಕೋರ್ಟು ಅಲೆದಾಟದ ಕಥೆ ಬೇಕಿದ್ದರೆ ಜೀವನಚರಿತ್ರೆಯ ಪುಸ್ತಕವನ್ನೇ ಹಿಡಿಯಬೇಕು.