ರೋಧ, ಸಾಮರ್ಥ್ಯದ ಲೆಕ್ಕ: ಯಾವುದು ಬದಲಾಗದೆ ನಿಲ್ಲುತ್ತದೆ ಎಂದು ಮೊದಲು ಕೇಳಿ

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠದ ಲೆಕ್ಕಗಳಲ್ಲಿ ಬಹುಪಾಲು ಎರಡೇ ಸೂತ್ರಗಳ ಮೇಲೆ ನಿಂತಿವೆ. ಸಾಧನದ ಎರಡು ತುದಿಗಳ ನಡುವಿನ ವಿಭವಾಂತರವನ್ನು, ಅಂದರೆ ವೋಲ್ಟೇಜನ್ನು, ವೋಲ್ಟ್‌ಮೀಟರ್ ಹೇಳುತ್ತದೆ, ಅದರೊಳಗೆ ಹರಿಯುವ ಪ್ರವಾಹವನ್ನು ಅಮ್ಮೀಟರ್ ಹೇಳುತ್ತದೆ. ಇವೆರಡು ಕೈಯಲ್ಲಿದ್ದರೆ:

ರೋಧ = ವಿಭವಾಂತರ ÷ ಪ್ರವಾಹ
ಸಾಮರ್ಥ್ಯ = ವಿಭವಾಂತರ × ಪ್ರವಾಹ

ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್. ಟಾರ್ಚ್ ಬಲ್ಬಿಗೆ 6 ವೋಲ್ಟ್ ಕೊಟ್ಟಾಗ 300 ಮಿಲಿಆಂಪಿಯರ್ ಹರಿದರೆ, ಮೊದಲು ಅದನ್ನು 0.3 ಆಂಪಿಯರ್ ಎಂದು ಬರೆದುಕೊಳ್ಳಿ. ರೋಧ 20 ಓಮ್, ಸಾಮರ್ಥ್ಯ 1.8 ವ್ಯಾಟ್. ಅಂಕ ಹೋಗುವುದು ಹೆಚ್ಚಾಗಿ ಈ ಮಿಲಿಯಲ್ಲೇ.

ಇಷ್ಟರವರೆಗೆ ತೊಂದರೆಯಿಲ್ಲ. ಗೊಂದಲ ಶುರುವಾಗುವುದು ಎರಡನ್ನೂ ಬೆರೆಸಿ ಪಡೆದ ಇನ್ನೆರಡು ಸೂತ್ರಗಳಲ್ಲಿ.

ಸಾಮರ್ಥ್ಯ = ಪ್ರವಾಹದ ವರ್ಗ × ರೋಧ
ಸಾಮರ್ಥ್ಯ = ವಿಭವಾಂತರದ ವರ್ಗ ÷ ರೋಧ

ರೋಧ ಹೆಚ್ಚಾದರೆ ಸಾಮರ್ಥ್ಯವೂ ಹೆಚ್ಚುತ್ತದೆ ಎನ್ನುತ್ತದೆ ಮೊದಲನೆಯದು. ಇಲ್ಲ, ಕಡಿಮೆಯಾಗುತ್ತದೆ ಎನ್ನುತ್ತದೆ ಎರಡನೆಯದು. ಎರಡೂ ಸರಿ. ಸರಣಿ ಜೋಡಣೆಯಲ್ಲಿ, ಅಂದರೆ ಒಂದರ ಹಿಂದೆ ಒಂದನ್ನು ಜೋಡಿಸಿದಾಗ, ಎಲ್ಲ ಸಾಧನಗಳಿಗೂ ಪ್ರವಾಹ ಒಂದೇ, ಆದ್ದರಿಂದ ಅಲ್ಲಿ ಮೊದಲನೆಯದನ್ನು ಹಿಡಿಯಿರಿ. ಸಮಾಂತರ ಜೋಡಣೆಯಲ್ಲಿ, ಅಂದರೆ ಮನೆಯ ವೈರಿಂಗಿನಲ್ಲಿ, ವಿಭವಾಂತರ ಒಂದೇ, ಅಲ್ಲಿ ಎರಡನೆಯದು.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯನ್ನೇ ನೋಡೋಣ. 230 ವೋಲ್ಟ್‌ಗೆ ತಯಾರಾದ 100 ವ್ಯಾಟ್ ಮತ್ತು 60 ವ್ಯಾಟ್‌ನ ಎರಡು ತಂತು ಬಲ್ಬುಗಳಿವೆ. ವಿಭವಾಂತರದ ವರ್ಗ 52,900. ಅದನ್ನು 100ರಿಂದ ಭಾಗಿಸಿದರೆ 529 ಓಮ್, 60ರಿಂದ ಭಾಗಿಸಿದರೆ ಸುಮಾರು 882 ಓಮ್. ಕಡಿಮೆ ವ್ಯಾಟಿನ ಬಲ್ಬಿಗೇ ಹೆಚ್ಚು ರೋಧ ಎಂಬುದನ್ನು ಗಮನಿಸಿ. ಎರಡನ್ನೂ ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ ಒಟ್ಟು ರೋಧ 1,411 ಓಮ್, ಪ್ರವಾಹ 0.163 ಆಂಪಿಯರ್. ಈಗ 60 ವ್ಯಾಟಿನ ಬಲ್ಬ್ ಬಳಸುವುದು ಸುಮಾರು 23 ವ್ಯಾಟ್, 100 ವ್ಯಾಟಿನದು 14 ವ್ಯಾಟ್ ಮಾತ್ರ. ಸಣ್ಣದೇ ಹೆಚ್ಚು ಬೆಳಗುತ್ತದೆ! ಇಲ್ಲಿ ರೋಧ ಬದಲಾಗುವುದಿಲ್ಲವೆಂದು ಒಪ್ಪಿಕೊಂಡಿದ್ದೇವೆ. ನಿಜದಲ್ಲಿ ಟಂಗ್‌ಸ್ಟನ್ ತಂತು ತಣ್ಣಗಿರುವಾಗ ಅದರ ರೋಧ ಉರಿಯುವಾಗಿನದರ ಹತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಆರಿದ ಬಲ್ಬಿಗೆ ಮಲ್ಟಿಮೀಟರ್ ಹಿಡಿದು, ಲೆಕ್ಕದ ಉತ್ತರ ಬರಲಿಲ್ಲವೆಂದು ಸೂತ್ರವನ್ನು ದೂರಬೇಡಿ.

ನೀರು ಕಾಯಿಸುವ ಕಾಯಿಲ್‌ನಲ್ಲಿರುವುದು ನೈಕ್ರೋಮ್ ಎಂಬ ಮಿಶ್ರಲೋಹದ ತಂತಿ. ಬಿಸಿಯಾದರೂ ಅದರ ರೋಧ ಹೆಚ್ಚೇನೂ ಬದಲಾಗುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಅದು ಹೇಳಿ ಮಾಡಿಸಿದ ಸಾಧನ. 230 ವೋಲ್ಟ್‌ನಲ್ಲಿ 1,000 ವ್ಯಾಟ್ ಎಂದಿದ್ದರೆ ಪ್ರವಾಹ 4.35 ಆಂಪಿಯರ್, ರೋಧ 52.9 ಓಮ್. ಬೇಸಿಗೆಯ ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ರೋಧ ಅಷ್ಟೇ ಇರುತ್ತದೆ; ಸಾಮರ್ಥ್ಯ 180ರ ವರ್ಗ ÷ 52.9, ಅಂದರೆ ಸುಮಾರು 612 ವ್ಯಾಟ್. ವೋಲ್ಟೇಜ್ ಶೇ. 22ರಷ್ಟು ಇಳಿದರೆ ಬಿಸಿ ಶೇ. 39ರಷ್ಟು ಇಳಿಯಿತು, ಎಲ್ಲ ವರ್ಗದ ಮಹಿಮೆ. 15 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಸುಮಾರು 12.6 ಲಕ್ಷ ಜೂಲ್ ಬೇಕು. ಮೊದಲು 21 ನಿಮಿಷ ಸಾಕಿತ್ತು, ಈಗ 34 ನಿಮಿಷ ಕಾಯಬೇಕು. ವ್ಯಾಟ್ ಇಳಿಯಿತೆಂದು ಬಿಲ್ ಉಳಿಯುತ್ತದೆಯೇ? ಇಲ್ಲ. ಎರಡು ಸಲವೂ 0.35 ಯೂನಿಟ್ಟೇ. ನಿಧಾನವಾಗಿ ಕಾಯುವಾಗ ಬಕೆಟ್ಟಿನಿಂದ ಹೊರಹೋಗುವ ಶಾಖವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಒಂದಿಷ್ಟು ಹೆಚ್ಚೇ.

ಪ್ರವಾಹದ ವರ್ಗ ಎಂಬುದು ಪುಸ್ತಕದ ಮಾತಷ್ಟೇ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದಾಗ ಸುಮಾರು 30,000 ವೋಲ್ಟ್ ಬಳಸಿದ್ದು ಇದೇ ಕಾರಣಕ್ಕೆ. 1,000 ಕಿಲೋವ್ಯಾಟ್ ಸಾಗಿಸಲು 230 ವೋಲ್ಟ್‌ನಲ್ಲಾದರೆ ಸುಮಾರು 4,350 ಆಂಪಿಯರ್ ಹರಿಯಬೇಕು. 30,000 ವೋಲ್ಟ್‌ನಲ್ಲಿ 33 ಆಂಪಿಯರ್ ಸಾಕು. ಪ್ರವಾಹ 130 ಪಟ್ಟು ಕಡಿಮೆ, ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಸುಮಾರು 17,000 ಪಟ್ಟು ಕಡಿಮೆ. ಒಂದೇ ಜೋಡಿ ತಂತಿ ಎಂದುಕೊಂಡು ಮಾಡಿದ ಸರಳ ಲೆಕ್ಕವಿದು, ಆದರೂ ವಿಷಯ ತಿಳಿಯಲು ಸಾಕು.

ಇನ್ನು ಹಳ್ಳಿಯ ಕಡೆಯಿಂದ ಬಂದವರು ಕೇಳಿಯೇ ಕೇಳುವ ಪ್ರಶ್ನೆ. ವೋಲ್ಟೇಜ್ ಇಳಿದರೆ ಪ್ರವಾಹವೂ ಇಳಿಯಬೇಕಲ್ಲ, ಮತ್ತೆ ಲೋ ವೋಲ್ಟೇಜಿಗೆ ಪಂಪ್‌ಸೆಟ್ ಏಕೆ ಸುಡುತ್ತದೆ? ತಿರುಗುತ್ತಿರುವ ಮೋಟರ್ ಬರೀ ರೋಧವಲ್ಲ. ತಿರುಗುವಿಕೆಯಿಂದಲೇ ಅದರ ಸುರುಳಿಯಲ್ಲಿ ಹೊರಗಿನ ವೋಲ್ಟೇಜಿಗೆ ಎದುರಾದ ಇನ್ನೊಂದು ವೋಲ್ಟೇಜ್ ಹುಟ್ಟಿ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ನೀರೆತ್ತುವ ಹೊರೆಯೇನೂ ಹಗುರವಾಗಿಲ್ಲ. ವೋಲ್ಟೇಜ್ ಕುಸಿದಾಗ ಆ ಕೊರತೆಯನ್ನು ಮೋಟರ್ ಹೆಚ್ಚು ಆಂಪಿಯರ್ ಎಳೆದು ತುಂಬಿಕೊಳ್ಳುತ್ತದೆ. ಇಲ್ಲಿ ಬದಲಾಗದೆ ನಿಲ್ಲುವುದು ರೋಧವಲ್ಲ, ಹೆಚ್ಚುಕಡಿಮೆ ಹೊರೆ. ಹಾಗಾಗಿ ಮೋಟರಿನ ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿ ರೋಧ ಸಿಕ್ಕಿತು ಎನ್ನುವಂತಿಲ್ಲ. ಎರಡನ್ನೂ ಗುಣಿಸಿದರೆ ವ್ಯಾಟ್ ಕೂಡ ನೇರವಾಗಿ ಸಿಗುವುದಿಲ್ಲ, ಪವರ್ ಫ್ಯಾಕ್ಟರ್‌ನಿಂದಲೂ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಗುಣಿಸಬೇಕು.

ಆದರೆ ಸುರುಳಿಯ ತಾಮ್ರ ಮಾತ್ರ ಹಳೆಯ ಸೂತ್ರವನ್ನೇ ಪಾಲಿಸುತ್ತದೆ. ಅದರ ರೋಧ 2 ಓಮ್ ಎಂದುಕೊಳ್ಳಿ. 8 ಆಂಪಿಯರ್ ಎಳೆಯುವಾಗ ಅಲ್ಲಿ ಹುಟ್ಟುವ ಶಾಖ 128 ವ್ಯಾಟ್, 11 ಆಂಪಿಯರ್ ಎಳೆದರೆ 242 ವ್ಯಾಟ್. ತಂತಿಯ ಮೇಲಿನ ವಾರ್ನಿಷ್ ಇಷ್ಟು ಶಾಖವನ್ನು ಬಹಳ ಹೊತ್ತು ತಡೆಯುವುದಿಲ್ಲ. ಅದು ಕರಕಲಾಗಿ ಸುತ್ತಿಗೆ ಸುತ್ತು ತಾಗಿತೆಂದರೆ ಮೋಟರ್ ರಿವೈಂಡಿಂಗ್ ಅಂಗಡಿ ಸೇರಿತೆಂದೇ ಲೆಕ್ಕ.