ಅಸ್ತ್ರ ಒಲೆ: ಕಟ್ಟಿದ್ದೆಷ್ಟು, ಉರಿದದ್ದೆಷ್ಟು?

1940ರ ದಶಕದ ಮಗನ್ ಚೂಲಾ ಎಂಬ ಸುಧಾರಿತ ಒಲೆಯಿಂದ 2016ರ ಉಜ್ವಲಾ ಅಡುಗೆ ಅನಿಲ ಯೋಜನೆಯವರೆಗೆ, ಅಡುಗೆಮನೆಯ ಹೊಗೆ ಓಡಿಸುವ ಯೋಜನೆಗಳು ಒಂದರ ಹಿಂದೊಂದು ಬಂದಿವೆ. ಯಾವುದು ಎಲ್ಲಿ ಎಡವಿತು ಎಂಬ ಗೋಜಲು ಬಿಡಿಸಲು ಕರ್ನಾಟಕದ ಅಸ್ತ್ರ ಒಲೆಯ ಕಾಲವನ್ನು ಹತ್ತಿರದಿಂದ ನೋಡಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಶುರುವಾಯಿತು; ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ವಿಭಾಗ ಅದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಸುತ್ತಲ ಹಳ್ಳಿಗಳ ಇಂಧನದ ಲೆಕ್ಕ ತೆಗೆದಾಗ ಎದ್ದು ಕಂಡದ್ದು ಸೌದೆ. ಹಳೆಯ ಒಲೆಯಲ್ಲಿ ಸೌದೆಯ ಕಾವಿನ ನೂರಕ್ಕೆ ಹತ್ತರಷ್ಟು ಪಾತ್ರೆಗೆ ತಲುಪಿದರೆ ಹೆಚ್ಚು. ಅಸ್ತ್ರ ರೂಪಿಸಿದ ಹೊಸ ಒಲೆಯಲ್ಲಿ ಇದು ಪ್ರಯೋಗದ ವೇಳೆ ನೂರಕ್ಕೆ ಮೂವತ್ತು ದಾಟಿತು.

ಅದರ ರಚನೆ ಸರಳ: ಮುಚ್ಚಿದ ಗೂಡು, ಒಳಗೆ ಕಬ್ಬಿಣದ ಜಾಲರಿ, ಕೆಳಗಿನ ಬೂದಿಗುಂಡಿಯಿಂದ ಗಾಳಿ. ಬಿಸಿ ಹೊಗೆ ಮೂರು ಪಾತ್ರೆಗಳ ತಳ ಸವರಿ ಕೊಳವೆ ಸೇರುತ್ತದೆ. ಹಾಗಾಗಿ ಮೂರು ಕಣ್ಣಲ್ಲೂ, ಅಂದರೆ ಪಾತ್ರೆ ಇಡುವ ತೂತುಗಳಲ್ಲೂ, ಪಾತ್ರೆ ಬಿಗಿಯಾಗಿ ಕೂರಬೇಕು. ಒಂದು ಬಿಟ್ಟರೂ ಕೊಳವೆ ಹೊಗೆ ಎಳೆಯುವುದು ಕೆಡುತ್ತದೆ. ಜಾಲರಿಯಿಂದ ಪಾತ್ರೆಯ ತಳ ದೂರವಾದರೆ ಕಾವು ತಟ್ಟದು, ತೀರಾ ಹತ್ತಿರವಾದರೆ ಉರಿ ಅರ್ಧಕ್ಕೇ ಸತ್ತು ಮಸಿ ಹಿಡಿಯುತ್ತದೆ. ಸೌದೆಯನ್ನು ಚಿಕ್ಕದಾಗಿ ಸೀಳಿ ಹಾಕಿ ಬಾಗಿಲು ಮುಚ್ಚಬೇಕು. ಸೀಳುವ ಕೆಲಸ ಬಿದ್ದದ್ದು ಹೊಲದಿಂದ ದಣಿದು ಬಂದ ಹೆಂಗಸಿನ ಮೇಲೆ. ಉದ್ದ ಸೌದೆ ಹಿಡಿಸಲೆಂದು ಒಲೆಯ ಬಾಯಿ ಒಡೆದು ಅಗಲ ಮಾಡಿದರೆ ತಣ್ಣನೆ ಗಾಳಿ ನುಗ್ಗಿ ಉಳಿತಾಯವೆಲ್ಲ ಹೋಗುತ್ತದೆ. ಅವಳದು ತಪ್ಪು ಬಳಕೆ ಎನ್ನುವುದು ಸುಲಭ. ಬಾಯಿಯ ಅಳತೆ ನಿರ್ಧರಿಸುವಾಗ ಅವಳ ಕೊಡಲಿಯನ್ನೂ ಲೆಕ್ಕಕ್ಕೆ ತಗೊಳ್ಳಬೇಕಿತ್ತು. ಮುದ್ದೆ ತೊಳಸುವ ರಭಸಕ್ಕೆ ಕಣ್ಣಿನ ಅಂಚು ಬಿರಿಯುತ್ತದೆ, ಆಗಾಗ ಮಣ್ಣು ಮೆತ್ತಬೇಕು. ಕೊಳವೆಯ ಮಸಿ ಕೆಡವದಿದ್ದರೆ ಹೊಗೆ ಮತ್ತೆ ಮನೆಯೊಳಗೇ.

1980ರ ದಶಕದಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಬಂದು, 2002ರಲ್ಲಿ ನಿಂತಿತು. ಅಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಎಂದು ಕಡತ ಹೇಳಿತು. ಎಣಿಸಿದ್ದು ಕಟ್ಟಿದ ಒಲೆಗಳನ್ನು. ವರ್ಷದ ನಂತರ ಎಷ್ಟು ಉರಿಯುತ್ತಿವೆ, ಬಿರಿದದ್ದನ್ನು ಯಾರು ಸರಿಮಾಡುತ್ತಾರೆ ಎಂಬ ಪ್ರಶ್ನೆಗೆ ಗುರಿಪಟ್ಟಿಯಲ್ಲಿ ಜಾಗ ಕಡಿಮೆ. ಮನೆಯ ಪಾತ್ರೆ ತರಿಸಿ ಅದರ ಅಳತೆಗೇ ಕಣ್ಣು ಬಿಟ್ಟು, ಮತ್ತೆ ಬಂದು ನೋಡುವ ಒಲೆ ಹಾಕುವವರು ಊರಲ್ಲೇ ಇದ್ದರೆ ಒಲೆ ಬಾಳುತ್ತದೆ.

ಉಜ್ವಲಾ ಬಂದಾಗಲೂ ಮೊದಲು ಎಣಿಸಿದ್ದು ಸಂಪರ್ಕಗಳನ್ನೇ. ಸಿಲಿಂಡರ್ ಮತ್ತೆ ತುಂಬಿಸಲು ಕಾಸಿಲ್ಲದ ಮನೆಗಳಲ್ಲಿ ಹಂಡೆಯ ನೀರು, ಮುದ್ದೆಯ ಎಸರು ಇಂದಿಗೂ ಸೌದೆ ಉರಿಯಲ್ಲೇ ಕಾಯುತ್ತಿವೆ.