‘ಕೇಸು ಬೇಡ, 50 ಸಾವಿರ ಕೊಡ್ತೀವಿ’ ಅಂದರೆ ಒಪ್ಪಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಟೈಲ್ಸ್ ಹಾಕುವ ಕೆಲಸ ಮಾಡುತ್ತಾನೆ. ಹತ್ತು ದಿನದ ಹಿಂದೆ ಬೈಕಿನಲ್ಲಿ ಹೋಗುವಾಗ ಅಡ್ಡರಸ್ತೆಯಿಂದ ನುಗ್ಗಿದ ಕಾರು ಗುದ್ದಿತು. ಬಲಗಾಲಿನಲ್ಲಿ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿವೆ. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಕಾರಿನವರು ಕೆಟ್ಟವರಲ್ಲ, ಆಸ್ಪತ್ರೆಗೆ ಸೇರಿಸಿದ್ದೂ ಅವರೇ. ಈಗ ‘ಪೊಲೀಸು, ಕೋರ್ಟು ಏನೂ ಬೇಡ, 50 ಸಾವಿರ ಕೊಡ್ತೀವಿ’ ಅನ್ನುತ್ತಿದ್ದಾರೆ. ತಮ್ಮನ ಹತ್ತಿರ ಸಂಬಳದ ಚೀಟಿ ಇಲ್ಲ. ಡಿಎಲ್ ಕೂಡ ಇರಲಿಲ್ಲ. ಕ್ಲೇಮ್ ಹಾಕಿದರೆ ನಿಜವಾಗಿ ಏನಾದರೂ ಸಿಗುತ್ತಾ?

ಉತ್ತರ: ಸಿಗುತ್ತದೆ. 50 ಸಾವಿರಕ್ಕಿಂತ ಎಷ್ಟೋ ಜಾಸ್ತಿ ಸಿಗಬಹುದು. ಆದರೆ ಹತ್ತು ದಿನ ಆಗಲೇ ಕಳೆದಿದೆ, ಇನ್ನು ತಡ ಮಾಡಬೇಡಿ.

ಮೊದಲು ಆ ಕಾರಿನವರ ಭಯದ ವಿಷಯ ಮಾತಾಡೋಣ. ಕೋರ್ಟಿಗೆ ಹೋದರೆ ದುಡ್ಡು ತಮ್ಮ ಜೇಬಿನಿಂದ ಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಪ್ರತಿ ಕಾರಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದೇ ಇದಕ್ಕೆ. ಪಾಲಿಸಿ ಚಾಲ್ತಿಯಲ್ಲಿದ್ದು ಚಾಲಕನಿಗೆ ಲೈಸೆನ್ಸ್ ಇದ್ದರೆ ಪರಿಹಾರ ಕೊಡುವುದು ಇನ್ಶೂರೆನ್ಸ್ ಕಂಪನಿ. ಕ್ಲೇಮ್ ಮಾಡದಿದ್ದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ಅವರ ನೋ ಕ್ಲೇಮ್ ಬೋನಸ್ಸಿಗೂ ಇದರಿಂದ ಪೆಟ್ಟಿಲ್ಲ, ಅದು ಅವರ ಸ್ವಂತ ಕಾರಿನ ಡ್ಯಾಮೇಜಿಗೆ ಸಂಬಂಧಪಟ್ಟಿದ್ದು. ಅಜಾಗರೂಕ ಚಾಲನೆಯ ಕ್ರಿಮಿನಲ್ ಕೇಸು ಮಾತ್ರ ಚಾಲಕನ ಮೇಲೆ ಆಗುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಬೇಡ. ಇಷ್ಟನ್ನು ಒಂದು ಸಲ ಸಮಾಧಾನವಾಗಿ ಕೂತು ಹೇಳಿ ನೋಡಿ. ಒಳ್ಳೆಯವರು ಅಂತ ನೀವೇ ಹೇಳಿದ್ದೀರಿ, ಅರ್ಥ ಮಾಡಿಕೊಳ್ಳಬಹುದು. ಮಾಡಿಕೊಳ್ಳದಿದ್ದರೂ ನಿಮ್ಮ ಕೆಲಸ ನಿಲ್ಲಬಾರದು.

ಇನ್ನು 50 ಸಾವಿರದ ಲೆಕ್ಕ. ತಮ್ಮನ ಕಾಲಿನಲ್ಲಿರುವ ಆ ರಾಡನ್ನು ಮೂಳೆ ಕೂಡಿದ ಮೇಲೆ ಡಾಕ್ಟರು ತೆಗೆಯಬೇಕು ಅನ್ನಬಹುದು. ಅಂದರೆ ಇನ್ನೊಂದು ಆಪರೇಷನ್, ಇನ್ನೊಂದು ಬಿಲ್ಲು. ಅಲ್ಲಿಯವರೆಗೆ ಎಷ್ಟು ತಿಂಗಳು ಕೂಲಿ ಇಲ್ಲ? ಆಮೇಲೆ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕೋಕೆ ಆಗುತ್ತಾ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಾಗುವ ಮೊದಲೇ ಬಿಳಿ ಹಾಳೆಗೆ ಸಹಿ ಹಾಕಿ ದುಡ್ಡು ಎಣಿಸಿಕೊಳ್ಳುವುದು ಎಷ್ಟು ಸರಿ, ಅಲ್ವಾ?

ನನಗೆ ಹೆಚ್ಚು ಚಿಂತೆ ಇರುವುದು ಬೇರೆ ಒಂದು ಸಾಲಿನ ಬಗ್ಗೆ. ಆಸ್ಪತ್ರೆಗೆ ಸೇರಿಸುವಾಗ ಡ್ಯೂಟಿ ಡಾಕ್ಟರು ‘ಹೇಗಾಯ್ತು?’ ಅಂತ ಕೇಳಿರುತ್ತಾರೆ. ಅದಕ್ಕೆ ಯಾರು ಏನು ಹೇಳಿದರು? ನಿಮ್ಮ ತಮ್ಮ ನೋವಿನಲ್ಲಿದ್ದ. ಪಕ್ಕದಲ್ಲಿದ್ದವರು ಕಾರಿನವರು. ಅವರೇನಾದರೂ ‘ಬೈಕ್ ಸ್ಕಿಡ್ ಆಗಿ ಬಿದ್ದ’ ಅಂದಿದ್ದರೆ ಕೇಸ್ ಶೀಟಿನಲ್ಲಿ ಹಾಗೇ ಕೂತಿರುತ್ತದೆ. ಮುಂದೆ ಇನ್ಶೂರೆನ್ಸ್ ಕಂಪನಿಯ ವಕೀಲರು ಆಸ್ಪತ್ರೆಯಿಂದ ಆ ಶೀಟನ್ನೇ ತರಿಸಿ, ‘ಇವರು ತಾವೇ ಬಿದ್ದಿದ್ದು, ಕಾರನ್ನು ಆಮೇಲೆ ಸೇರಿಸಿದ್ದಾರೆ’ ಅಂತ ವಾದ ಮಾಡುತ್ತಾರೆ. ಸುಮ್ನೆ ಹೆದರಿಸುತ್ತಿಲ್ಲ. ಸುಳ್ಳು ಕ್ಲೇಮುಗಳು ನಿಜವಾಗಿಯೂ ಇವೆ, ಅದಕ್ಕೇ ಕಂಪನಿಗಳು ಮೊದಲು ನೋಡುವುದೇ ಆ ಸಾಲನ್ನು. ಹಾಗಾಗಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆ ಮಾಡುವ ದಾಖಲೆ) ಆಗಿದೆಯಾ, ಅದರಲ್ಲಿ ಕಾರಿನ ವಿಷಯ ಇದೆಯಾ ಅಂತ ಕೇಳಿ. ಎಂಎಲ್‌ಸಿ ಆಗಿದ್ದರೆ ಠಾಣೆಗೆ ಆಗಲೇ ಮಾಹಿತಿ ಹೋಗಿರಬಹುದು. ತಪ್ಪಾಗಿ ಬರೆದಿದ್ದರೆ ತಿದ್ದಿಸೋಕೆ ಹೋಗಬೇಡಿ, ತಿದ್ದಿದ ದಾಖಲೆ ಇನ್ನೂ ಕೆಟ್ಟದ್ದು. ಯಾರು ಸೇರಿಸಿದರು, ಯಾರು ಹಾಗೆ ಹೇಳಿದರು ಅನ್ನುವುದನ್ನು ಪೊಲೀಸರಿಗೆ ಕೊಡುವ ದೂರಿನಲ್ಲೇ ಬರೆಯಿರಿ.

ದೂರು ಇನ್ನೂ ಕೊಟ್ಟಿಲ್ಲ ಅಂತ ಕಾಣುತ್ತದೆ. ಕೊಡಿ, ಇವತ್ತೇ. ತಡವಾಗಿ ಎಫ್‌ಐಆರ್ ಆಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ್ ಪ್ರಕರಣದಲ್ಲಿ ಹೇಳಿದೆ. ಅಪಘಾತವಾದಾಗ ಜನ ಮೊದಲು ಆಸ್ಪತ್ರೆಗೆ ಓಡುತ್ತಾರೆ, ಠಾಣೆಗಲ್ಲ, ಅದು ಸಹಜ ಅನ್ನುವುದು ಕೋರ್ಟಿನ ಮಾತಿನ ಸಾರ. ಆದರೆ ತಡ ಯಾಕಾಯಿತು ಅನ್ನುವುದಕ್ಕೆ ನಂಬುವಂಥ ಕಾರಣ ಬೇಕು. ‘ಆಪರೇಷನ್ ಆಗಿತ್ತು, ಕಾರಿನವರು ರಾಜಿ ಮಾತಾಡುತ್ತಿದ್ದರು’ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ರಾಜಿ ಬಗ್ಗೆ ಅವರು ವಾಟ್ಸಾಪಿನಲ್ಲಿ ಏನಾದರೂ ಕಳಿಸಿದ್ದರೆ ಅಳಿಸಬೇಡಿ.

ಎಫ್‌ಐಆರ್ ಆದ ಮೇಲೆ ಪೊಲೀಸರು ಜಾಗಕ್ಕೆ ಬಂದು ಮಹಜರು ಮಾಡುತ್ತಾರೆ, ನಕ್ಷೆ ಬರೆಯುತ್ತಾರೆ. ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿ ನೋಡಿ ಐಎಂವಿ ವರದಿ ಕೊಡುತ್ತಾರೆ. ಅದಕ್ಕೇ ಬೈಕನ್ನು ಈಗಲೇ ಗ್ಯಾರೇಜಿಗೆ ಕೊಟ್ಟು ರಿಪೇರಿ ಮಾಡಿಸಬೇಡಿ. ಬಗ್ಗಿದ ಫೋರ್ಕು, ಒಡೆದ ಇಂಡಿಕೇಟರು, ಅದರ ಮೇಲೆ ಅಂಟಿದ ಕಾರಿನ ಬಣ್ಣ ಎಲ್ಲ ಹಾಗೇ ಇರಲಿ. ಕಾರಿನ ನಂಬರ್ ಪ್ಲೇಟು, ಅಡ್ಡರಸ್ತೆ, ಅಲ್ಲಿರುವ ಅಂಗಡಿಯ ಕ್ಯಾಮೆರಾ ಎಲ್ಲದರ ಫೋಟೊ ತೆಗೆದಿಡಿ. ಕ್ಯಾಮೆರಾದ ರೆಕಾರ್ಡಿಂಗ್ ಕೆಲವೇ ದಿನದಲ್ಲಿ ಅಳಿಸಿಹೋಗುತ್ತದೆ. ಅಂಗಡಿಯವರನ್ನು ಹೋಗಿ ಕೇಳಿ, ಪೊಲೀಸರಿಗೂ ಹೇಳಿ.

2022ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ಇನ್ಶೂರೆನ್ಸ್ ಕಂಪನಿಗೂ ಕಳಿಸಬೇಕು, 90 ದಿನದಲ್ಲಿ ವಿವರವಾದ ವರದಿ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಅಂತ ತೆಗೆದುಕೊಳ್ಳಲೂ ಕಾನೂನಿನಲ್ಲಿ ಅವಕಾಶವಿದೆ. ಅದನ್ನೇ ನಂಬಿ ಮನೆಯಲ್ಲಿ ಕೂರುವುದು ಬೇಡ ಅನ್ನುವುದು ನನ್ನ ಸಲಹೆ. ನೀವೇ ಅರ್ಜಿ ಹಾಕಿ.

ಎಲ್ಲಿ ಹಾಕುವುದು? ಅಪಘಾತ ನಡೆದ ಊರಿನಲ್ಲಿ, ನೀವು ವಾಸವಿರುವ ಊರಿನಲ್ಲಿ, ಇಲ್ಲವೇ ಎದುರುದಾರರು ಇರುವ ಊರಿನಲ್ಲಿ. ನಿಮ್ಮೂರು ಹಾವೇರಿ, ಅಪಘಾತ ಬೆಂಗಳೂರಿನಲ್ಲಿ ಅಂದರೂ ಹಾವೇರಿಯಲ್ಲೇ ಹಾಕಬಹುದು. ಕಾಲು ಮುರಿದವನನ್ನು ಪ್ರತಿ ತಾರೀಕಿಗೂ ಬಸ್ಸಿನಲ್ಲಿ ಎಳೆದುಕೊಂಡು ಹೋಗಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಹಾಕುವ ಈ ಕೇಸಿಗೆ ನಮ್ಮ ಕೋರ್ಟುಗಳಲ್ಲಿ ಎಂವಿಸಿ ಅನ್ನುತ್ತೇವೆ.

ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಗಡುವು 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ಗಡುವು ಮೀರಿದೆ ಅಂತ ಯಾವ ಕ್ಲೇಮನ್ನೂ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಅಂದರೆ ಕೊನೆಯ ಮಾತಲ್ಲ. ಆರು ತಿಂಗಳು ಅಂತಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ‘ಕಾಲು ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ’ ಅಂತ ಕೆಲವರು ಕಾಯುತ್ತಾರೆ. ಕಾಯಬೇಕಿಲ್ಲ. ಅರ್ಜಿ ಈಗ, ಅಂಗವೈಕಲ್ಯದ ಸಾಕ್ಷ್ಯ ಆಮೇಲೆ.

ದುಡ್ಡಿನ ಲೆಕ್ಕ ನಿಂತಿರುವುದೇ ಆ ಅಂಗವೈಕಲ್ಯದ ಮೇಲೆ. ಜನ ಹೆಚ್ಚಾಗಿ ತಪ್ಪು ತಿಳಿಯುವುದೂ ಅಲ್ಲೇ. ಡಾಕ್ಟರು ‘ಬಲಗಾಲಿಗೆ ಶೇ 45’ ಅಂತ ಬರೆದುಕೊಟ್ಟರೆ ಆದಾಯದಲ್ಲಿ ಶೇ 45 ಸಿಗುತ್ತದೆ ಅಂತ ಅಲ್ಲ. ಅದು ಒಂದು ಕಾಲಿನ ಲೆಕ್ಕ. ಇಡೀ ದೇಹಕ್ಕೆ ಅದು ಎಷ್ಟಾಗುತ್ತದೆ ಅನ್ನುವುದು ಬೇರೆ. ಅವನು ಮಾಡುವ ಕೆಲಸಕ್ಕೆ ಅದರಿಂದ ಎಷ್ಟು ತೊಂದರೆ ಅನ್ನುವುದು ಮತ್ತೂ ಬೇರೆ. ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಸರ್ಟಿಫಿಕೇಟಿನಲ್ಲಿ ಶೇ 45 ಇತ್ತು, ದುಡಿಯುವ ಶಕ್ತಿಯ ನಷ್ಟವನ್ನು ಕೋರ್ಟ್ ಶೇ 20 ಅಂತ ತೆಗೆದುಕೊಂಡಿತು. ಕೂತು ಲೆಕ್ಕ ಬರೆಯುವ ಗುಮಾಸ್ತರಿಗೆ ಮೊಣಕಾಲು ಪೂರ್ತಿ ಮಡಚಲು ಬರದಿದ್ದರೆ ದುಡಿಮೆಗೆ ಅಷ್ಟೇನೂ ಪೆಟ್ಟಿಲ್ಲ. ದಿನವಿಡೀ ನೆಲದ ಮೇಲೆ ಕುಕ್ಕರಗಾಲಲ್ಲಿ ಸರಿಯುತ್ತ ಟೈಲ್ಸ್ ಕೂರಿಸುವವನಿಗೆ? ಅವನ ಕಸುಬೇ ಹೋದ ಹಾಗೆ. ಇದನ್ನು ನಿಮ್ಮ ವಕೀಲರು ಡಾಕ್ಟರ ಬಾಯಿಂದ ಹೇಳಿಸಬೇಕು. ಆಪರೇಷನ್ ಮಾಡಿದ ಡಾಕ್ಟರೇ ಸಾಕ್ಷಿ ಹೇಳಿದರೆ ತೂಕ ಜಾಸ್ತಿ. ಚಿಕಿತ್ಸೆಯನ್ನೇ ಕೊಡದೆ ಸರ್ಟಿಫಿಕೇಟ್ ಮಾತ್ರ ಕೊಡುವ ಡಾಕ್ಟರ ಬಗ್ಗೆ ಕೋರ್ಟಿಗೆ ಅನುಮಾನ ಇದ್ದೇ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000 ಆದಾಯ ಅಂತ ಕೋರ್ಟ್ ಒಪ್ಪಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 1,80,000. ವಯಸ್ಸಿಗೆ ತಕ್ಕ ಗುಣಕ ಅಂತ ಒಂದಿದೆ, 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವರ್ಷದವರಿಗೆ ಅದು 16. ಗುಣಿಸಿದರೆ 28,80,000. ದುಡಿಯುವ ಶಕ್ತಿಯ ನಷ್ಟ ಶೇ 15 ಅಂದರೆ 4,32,000, ಶೇ 25 ಅಂದರೆ 7,20,000. ನೋಡಿ, ಡಾಕ್ಟರ ಸಾಕ್ಷ್ಯದಲ್ಲಿ ಹತ್ತು ಅಂಕ ಹೆಚ್ಚುಕಡಿಮೆ ಆದರೆ ಸುಮಾರು ಮೂರು ಲಕ್ಷದ ವ್ಯತ್ಯಾಸ. ನಲವತ್ತರ ಒಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ಆದಾಯ ಹೆಚ್ಚುತ್ತಿತ್ತು ಅನ್ನುವ ಲೆಕ್ಕದಲ್ಲಿ ಶೇ 40 ಸೇರಿಸಿ ಅಂತ ಕೇಳುವುದಕ್ಕೂ ದಾರಿಯಿದೆ. ಇದರ ಮೇಲೆ ಆಸ್ಪತ್ರೆ ಬಿಲ್ಲು, ಮಲಗಿದ್ದಷ್ಟು ತಿಂಗಳ ಕೂಲಿ, ನೋವಿಗೆ ಒಂದಿಷ್ಟು, ಊಟ, ಓಡಾಟ, ನೋಡಿಕೊಂಡವರ ಖರ್ಚು, ರಾಡ್ ತೆಗೆಸುವ ಆಪರೇಷನ್ನಿನ ಖರ್ಚು. ಅರ್ಜಿ ಹಾಕಿದ ದಿನದಿಂದ ಬಡ್ಡಿಯನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಇಷ್ಟೇ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹೀಗೆ ನಡೆಯುತ್ತದೆ, ಅಷ್ಟೇ.

ಸಂಬಳದ ಚೀಟಿ ಇಲ್ಲ ಅಂದಿರಿ. ಗಾರೆಯವರು, ಪೇಂಟರುಗಳು, ಹೊಲದಲ್ಲಿ ದುಡಿಯುವವರು, ಯಾರ ಹತ್ತಿರವೂ ಇರುವುದಿಲ್ಲ. ಯಾವ ದಾಖಲೆಯೂ ಇಲ್ಲದಿದ್ದರೆ ಅಪಘಾತವಾದ ವರ್ಷಕ್ಕೆ ತಕ್ಕ ಹಾಗೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯಲ್ಲಿರುವ ಅಂದಾಜು ಆದಾಯವನ್ನು ನಮ್ಮ ಕೋರ್ಟುಗಳು ಹಿಡಿಯುತ್ತವೆ. ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದ ಅಂದರೆ ತೋರಿಸಬೇಕು. ಮೇಸ್ತ್ರಿಯಿಂದ ಫೋನ್‌ಪೇನಲ್ಲಿ ಬಂದ ಕೂಲಿ, ಬ್ಯಾಂಕ್ ಪಾಸ್‌ಬುಕ್, ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡು ಇದ್ದರೆ ಅದು. ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರು ಕೋರ್ಟಿಗೆ ಬಂದು ಎರಡು ಮಾತು ಹೇಳಿದರೆ ಇನ್ನೂ ಒಳ್ಳೆಯದು.

ಡಿಎಲ್ ಇರಲಿಲ್ಲ ಅನ್ನುವುದಕ್ಕೆ ದಂಡ ಬೀಳಬಹುದು. ಆದರೆ ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಅಪಘಾತದಲ್ಲಿ ಅವನ ತಪ್ಪೂ ಇತ್ತು ಅಂತ ಆಗುವುದಿಲ್ಲ. ಸುಪ್ರೀಂ ಕೋರ್ಟ್ 2008ರಲ್ಲೇ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಹೀಗೆ ಹೇಳಿದೆ. ರಾಂಗ್ ಸೈಡಿನಲ್ಲಿ ಬರುತ್ತಿದ್ದನಾ, ಸಿಗ್ನಲ್ ಜಂಪ್ ಮಾಡಿದನಾ ಅನ್ನುವುದೇ ಮುಖ್ಯ. ಹಾಗೇನಾದರೂ ಇದ್ದರೆ ಅವನ ಪಾಲಿನ ತಪ್ಪಿನಷ್ಟು ಪರಿಹಾರ ಕಡಿಮೆಯಾಗುತ್ತದೆ. ನಿಮ್ಮ ವಕೀಲರಿಗೆ ಇದನ್ನು ಮುಚ್ಚಿಡಬೇಡಿ.

ನಿಮ್ಮ ತಮ್ಮ ಬೈಕಿನ ಬದಲು ಆ ಕಾರಿನೊಳಗೇ ಕೂತಿದ್ದಿದ್ದರೆ ಕತೆ ಬೇರೆ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕೂತವರ ಪರಿಹಾರವನ್ನು ಇನ್ಶೂರೆನ್ಸ್ ಕಂಪನಿ ಕೊಡಬೇಕಿಲ್ಲ, ಥರ್ಡ್ ಪಾರ್ಟಿ ಜೊತೆಗೆ ಸ್ವಂತ ಕಾರಿನ ಡ್ಯಾಮೇಜನ್ನೂ ಸೇರಿಸಿದ ಪ್ಯಾಕೇಜ್ ಪಾಲಿಸಿ ಬೇಕು. ಸ್ನೇಹಿತರ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಡುವವರಿಗೆ ಇದು ಗೊತ್ತೇ ಇರುವುದಿಲ್ಲ. ಗುದ್ದಿದ ಗಾಡಿ ಸಿಗದೇ ಹೋದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50 ಸಾವಿರ, ಸಾವಾದರೆ 2 ಲಕ್ಷ. ಗುದ್ದಿದ ಕಾರು ಕಣ್ಣ ಮುಂದಿದ್ದೂ ಅದೇ 50 ಸಾವಿರಕ್ಕೆ ನೀವು ಯಾಕೆ ಒಪ್ಪಬೇಕು?

ವಕೀಲರ ಫೀಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ‘ಬಂದದ್ದರಲ್ಲಿ ಇಷ್ಟು ಪರ್ಸೆಂಟು’ ಅನ್ನುವ ಮಾತು ಆಸ್ಪತ್ರೆಯ ವಾರ್ಡಿನಲ್ಲೇ ಕಿವಿಗೆ ಬೀಳಬಹುದು. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಫೀಸು ಎಷ್ಟು, ಯಾವಾಗ ಅಂತ ಮೊದಲೇ ಬರೆಸಿಕೊಳ್ಳಿ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ.

ಕೇಸು ವರ್ಷಗಟ್ಟಲೆ ಎಳೆಯಬಹುದು, ಅದು ನಿಜ. ನಡುವೆ ಲೋಕ ಅದಾಲತ್‌ನಲ್ಲಿ ಇನ್ಶೂರೆನ್ಸ್ ಕಂಪನಿ ಒಂದು ಮೊತ್ತ ಹೇಳುತ್ತದೆ. ರಾಜಿ ಮಾಡಿಕೊಳ್ಳುವುದೇ ಆದರೆ ಅಲ್ಲಿ ಮಾಡಿಕೊಳ್ಳಿ, ಅದೂ ಡಾಕ್ಟರ ಸಾಕ್ಷ್ಯ ಆದ ಮೇಲೆ. ಆಗ ಕಾಲಿನ ಸ್ಥಿತಿ ಏನು ಅಂತ ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ ಅನ್ನುವುದು ನೆನಪಿರಲಿ.

ಕೊನೆಗೆ ಒಂದು ಸಣ್ಣ ಕೆಲಸ. ಮೆಡಿಕಲ್ ಶಾಪಿನ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಟ್ಟಿರುತ್ತೀರಿ. ಎಟಿಎಂ ಚೀಟಿಯಂಥ ಆ ನುಣುಪು ಕಾಗದದ ಅಕ್ಷರ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ. ಬಿಲ್ಲು ಕೋರ್ಟಿಗೆ ಹೋಗುವ ಹೊತ್ತಿಗೆ ಬಿಳಿ ಹಾಳೆಯಾಗಿರುತ್ತದೆ. ಠಾಣೆಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಎಲ್ಲದಕ್ಕೂ ಎರಡೆರಡು ಪ್ರತಿ ಮಾಡಿಸಿ, ಅಸಲನ್ನು ಡಾಕ್ಟರು ಬರೆದುಕೊಟ್ಟ ಔಷಧದ ಚೀಟಿ ಸಮೇತ ತಾರೀಕಿನ ಪ್ರಕಾರ ಪಿನ್ ಹಾಕಿಡಿ.